ಗೊಂಬೆಯ ಉಡಿ

೧೯೮೭ನೆಯ ಇಸವಿ. ನನಗೆ ಆಗ ಮೂವತ್ತನಾಲ್ಕು ವರ್ಷ. ಜೇವರ್ಗಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಇಂಗ್ಲಿಷ್ ಮಾಸ್ತರರು ವರ್ಗವಾಗಿ ಹೋದ ಮೇಲೆ ಆ ವಿಷಯವೂ ನನ್ನ ಪಾಲಿಗೆ ಬಂದಿತ್ತು. ಕರ್ತೃಪದಕ್ಕೂ ಕ್ರಿಯಾಪದಕ್ಕೂ ಹೊಂದಿಕೆಯಿಲ್ಲದ ವಾಕ್ಯವನ್ನು ನಾನು ಎಂದೂ ಕ್ಷಮಿಸುತ್ತಿರಲಿಲ್ಲವೆಂದು ಹಳೆಯ ವಿದ್ಯಾರ್ಥಿಗಳು ಇಂದಿಗೂ ಹೇಳುತ್ತಾರೆ. ಅದು ನಿಜ.

ಆ ವರ್ಷ ನ್ಯೂಜಿಲೆಂಡಿನ ಒಂದು ಶಾಲೆಗೂ ನಮ್ಮ ಶಾಲೆಗೂ ಸ್ನೇಹ ಏರ್ಪಟ್ಟಿತು. ಎಲ್ಲಿ ಹುಟ್ಟಿದರೂ ಮಕ್ಕಳು ಒಂದೇ ಓಣಿಯ ನೆರೆಹೊರೆಯವರೆಂದು ಕಲಿಸುವುದು ಅದರ ಉದ್ದೇಶ. ಹಲಗೆಯ ಮೇಲೆ ನಾನು 'ವಿಶ್ವ ಪೌರತ್ವ' ಎಂದು ಬರೆದು, ಕೆಳಗೆ ಗೆರೆ ಎಳೆದೆ. ಅವರು ಒಂದು ಪೆಟ್ಟಿಗೆ ಕಳುಹಿಸುವುದು, ನಾವು ಒಂದು ಕಳುಹಿಸುವುದು, ಮುಂದಿನ ವರ್ಷ ಅಲ್ಲಿಯ ಇಬ್ಬರು ಶಿಕ್ಷಕಿಯರು ಬಂದು ನಮ್ಮಲ್ಲಿ ಕೆಲವು ದಿನ ಪಾಠ ಮಾಡುವುದು ಎಂದು ನಿಶ್ಚಯವಾಯಿತು.

ಅವರೊಡನೆ ಅಂಜದೆ ಇಂಗ್ಲಿಷ್ ಮಾತನಾಡಬಲ್ಲವಳು ಶಾಲೆಯಲ್ಲಿ ಒಬ್ಬಳೇ ಇದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟಿದ್ದವರೊಬ್ಬರ ಮಗಳು. ಶಿಕ್ಷಕಿಯಾಗಬೇಕೆಂಬುದು ಅವಳ ಆಸೆ. ಆದರೆ ಅತನೂರಿನ ಮನೆತನವೊಂದರಿಂದ ಆಗಲೇ ಸಂಬಂಧ ಕೂಡಿಬಂದಿತ್ತು. ಮುಖ್ಯೋಪಾಧ್ಯಾಯರೂ ನಾನೂ ಅಂಗಡಿಗೆ ಹೋಗಿ, ತೊಗರಿಯ ಚೀಲಗಳ ನಡುವೆ ಕುಳಿತು, ಮದುವೆಯನ್ನು ಮುಂದೂಡುವಂತೆ ಕೇಳಿಕೊಂಡೆವು.

"ಫಾರಿನ್‌ನವ್ರ ಮುಂದ ನನ್ನ ಮಗಳು ಮಾತಾಡ್ತಾಳಂದ್ರ ನನಗೂ ಮಾನ ಅಲ್ರಿ?" ಎಂದು ತಂದೆ ನಕ್ಕರು. "ಅವ್ರು ಬಂದು ಹೋಗೂತನ ನಿಲ್ಲಸ್ತೇನಿ ಮಾಸ್ತರ. ಅಷ್ಟೊತ್ತಿಗಿ ಹತ್ತನೇದೂ ಮುಗೀತದ. ಆಮ್ಯಾಗ ನೋಡೂಣು."

'ಆಮೇಲೆ ನೋಡೋಣ' ಎಂಬುದೇ ನಮಗೆ ಸಾಕಾಗಿತ್ತು. ಹತ್ತನೆಯದನ್ನು ಪಾಸಾದ ಮಗಳನ್ನು ಕಾಲೇಜಿಗೂ ಕಳುಹಿಸಿಯಾರು ಎಂದು ನಾವು ಲೆಕ್ಕ ಹಾಕಿದೆವು.

ನ್ಯೂಜಿಲೆಂಡಿನ ಪೆಟ್ಟಿಗೆಯಲ್ಲಿ ಕುರಿಯ ಉಣ್ಣೆ, ಕಪ್ಪೆಚಿಪ್ಪು, ಕಡಲಿನ ಚಿತ್ರಗಳು ಇದ್ದವು. ನಮ್ಮದಕ್ಕೆ ಹುಡುಗಿಯರು ಒಂದು ಬಟ್ಟೆಯ ಗೊಂಬೆ ಹೊಲಿದು, ಇಳಕಲ್ಲ ಸೀರೆಯ ತುಂಡು ಉಡಿಸಿದರು. ಕಾಳು, ಬೀಜ, ಮಣ್ಣು, ತಿನಿಸು ಯಾವುದನ್ನೂ ಇಡಕೂಡದೆಂಬ ಆ ದೇಶದ ನಿಯಮವನ್ನು ನಾನು ಎರಡು ಭಾಷೆಗಳಲ್ಲಿಯೂ ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

"ಇಕಿ ಅಷ್ಟು ದೂರ ಗಂಡನ ಮನೀಗಿ ಹೊಂಟಾಳ ನೋಡ್ಬೇ," ಎಂದಳು ಒಬ್ಬಳು.

"ಅಲ್ಲಿ ರೊಟ್ಟಿ ಬಡ್ಯಾಕ ಜ್ವಾಳ ಎಲ್ಲದ? ಉಪವಾಸ ಸಾಯ್ತಾಳ," ಎಂದ ಹಿಂದಿನ ಬೆಂಚಿನ ಹುಡುಗ.

"ಸುಮ್ಮ ಕುಂದರಲೇ. ನಿನ್ನಂಗ ಮೂರೂ ಹೊತ್ತು ತಿನ್ನಾಕ ಹೊಂಟಿಲ್ಲ ಆಕಿ."

ಗೊಂಬೆಯನ್ನು ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದವಳು ಅಡತಿಯವರ ಮಗಳೇ. ದಸರೆಯ ಬಳಿಕ ಪೆಟ್ಟಿಗೆ ಹೊರಟಿತು. ಮುಂದೆ ತಿಂಗಳುಗಟ್ಟಲೆ ಅವಳು ಸಂಜೆಯ ಹೊತ್ತು ಶಾಲೆಯಲ್ಲೇ ಉಳಿದು ಇಂಗ್ಲಿಷಿನಲ್ಲಿ ಸ್ವಾಗತದ ಮಾತುಗಳನ್ನು ಅಭ್ಯಾಸ ಮಾಡಿದಳು. ನಾನು ತಿದ್ದುತ್ತಿದ್ದೆ. ಬರಬರುತ್ತ ತಿದ್ದಲು ಏನೂ ಉಳಿಯಲಿಲ್ಲ.

ಬೇಸಿಗೆ ಮೊದಲಾಗುವಾಗ ಅಲ್ಲಿಂದ ಉತ್ತರ ಬಂದಿತು. ಅವರ ಬಂದರಿನ ತಪಾಸಣೆಯಲ್ಲಿ ಗೊಂಬೆಯ ಸೆರಗಿನೊಳಗೆ ಜೋಳದ ಕಾಳು, ಅರಿಸಿನಕೊಂಬು ಸಿಕ್ಕಿದ್ದವು. ಹೊರಗಿನ ಬೀಜದಿಂದ ಬೆಳೆಗೆ ರೋಗ ತಗುಲೀತೆಂದು ಪೆಟ್ಟಿಗೆಯನ್ನೇ ಸುಟ್ಟುಬಿಟ್ಟಿದ್ದರು. ಆ ಶಾಲೆಯ ಆಡಳಿತದವರು ಸ್ನೇಹವನ್ನು ಮುಂದುವರಿಸಲು ಒಪ್ಪಲಿಲ್ಲ, ಶಿಕ್ಷಕಿಯರು ಬರುವುದಿಲ್ಲ. ಬರೆದವರಿಗೂ ದುಃಖವಾಗಿದ್ದುದು ತಿಳಿಯುತ್ತಿತ್ತು.

ತರಗತಿಯಲ್ಲಿ ಇದನ್ನು ಹೇಳಿ ಮುಗಿಸುವ ಮೊದಲೇ ಅವಳು ಎದ್ದು ನಿಂತಳು.

"ನಾನೇ ಕಟ್ಟೀನ್ರಿ ಸರ."

"ನಿಯಮ ಓದಿ ಹೇಳಿದ್ದೆನಲ್ಲವ್ವಾ?"

"ಹೌದ್ರಿ. ತಿನ್ನಾಕ ಕೊಡಬಾರದಂತ ತಿಳ್ಕೊಂಡೆ. ಇದು ತಿನ್ನಾಕಲ್ರಿ, ಉಡಿ. ಮಗಳನ್ನ ಬರೇ ಸೆರಗಿಲೆ ಹೆಂಗ ಕಳಸೂದ್ರಿ?"

ತವರಿನಿಂದ ಹೊರಟ ಹೆಣ್ಣಿನ ಸೆರಗಿಗೆ ಕಾಳು ಕಟ್ಟದೆ ಕಳುಹಿಸುವ ಮನೆ ನಮ್ಮ ಸೀಮೆಯಲ್ಲಿಲ್ಲ. ಆ ಕೋಣೆಯಲ್ಲಿದ್ದ ಯಾವ ಹುಡುಗಿಯೂ ಅವಳು ಮಾಡಿದ್ದು ತಪ್ಪೆನ್ನಲಿಲ್ಲ. ಹಿಂದಿನ ಬೆಂಚಿನ ಹುಡುಗನೂ ತಲೆ ತಗ್ಗಿಸಿದ. ಕಾಳು ಕಟ್ಟಿ ಕಳುಹಿಸುವುದೇ ನೆರೆಯವರೆನ್ನುವುದರ ಮೊದಲ ಪಾಠವೆಂದು ನನಗೂ ಗೊತ್ತಿತ್ತು. ಹಲಗೆಯ ಮೇಲೆ ಗೆರೆ ಎಳೆದು ನಾನು ಕಲಿಸಿದ್ದು ಅದನ್ನೇ.

ಅಂದೇ ಅಂಗಡಿಗೆ ಹೋದೆ. ಇನ್ನೊಂದೇ ವರ್ಷ ಬಿಡಿರೆಂದು ಬೇಡಿದೆ. ಈ ಸಲ ತಂದೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಚಹಾ ತರಿಸಿದರು.

"ಅವ್ರು ಬಂದು ಹೋಗೂತನ ಅಂದಿದ್ದೆ, ಖರೇ. ಈಗ ಅವ್ರು ಬರೂದಿಲ್ಲ. ಅತನೂರವ್ರಿಗಿ ಏನಂತ ಹೇಳ್ಲಿ? ನನಗೂ ಮಾತು ಒಂದೇ ಅದ ಮಾಸ್ತರ."

ಜೀವಮಾನವಿಡೀ ಇತರರ ಮಾತಿನಲ್ಲಿ ತಪ್ಪು ಹುಡುಕಿದವನು ನಾನು. ಅವರ ಮಾತಿನಲ್ಲಿ ಒಂದೂ ಸಿಗಲಿಲ್ಲ. ಆರಿದ ಚಹಾ ಕುಡಿದು ಎದ್ದುಬಂದೆ.

ಮದುವೆಗೆ ಹೋಗದಿರಲು ಆಗಲಿಲ್ಲ. ಅವಳೇ ಶಾಲೆಗೆ ಬಂದು ಅಕ್ಷತೆ ಕೊಟ್ಟು ಹೋಗಿದ್ದಳು. ಮನೆಯ ಮುಂದಿನ ಹಂದರದಲ್ಲಿ ತಾಯಿ ಅವಳ ಉಡಿ ತುಂಬಿದರು: ಜೋಳ, ಕೊಬ್ಬರಿ, ಅರಿಸಿನಕೊಂಬು, ಅಡಿಕೆ. ಭಾರಕ್ಕೆ ಸೆರಗು ಜಗ್ಗಿತು. ಅತನೂರಿನವರ ಜೀಪು ಅಷ್ಟರಲ್ಲಿ ಬಾಗಿಲಿಗೆ ಬಂದಿತ್ತು. ಅವಳು ಹಿರಿಯರಿಗೆಲ್ಲ ನಮಸ್ಕರಿಸಿ, ಕೊನೆಗೆ ನನ್ನ ಬಳಿಗೆ ಬಂದು ಬಾಗಿದಳು. ಏಳುವಾಗ ಉಡಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು.

"ಇದನ್ನ ಯಾರೂ ಬಿಚ್ಚಿ ನೋಡೂದಿಲ್ರಿ, ಸರ," ಎಂದಳು.

ಹಾಗೆಯೇ ಹಿಡಿದುಕೊಂಡು ಜೀಪು ಹತ್ತಿದಳು. ಜೀಪು ಅಫಜಲಪುರದ ದಾರಿ ಹಿಡಿದು ಹೊರಟಿತು. ಅಂದು ೧೯೮೮ನೆಯ ಇಸವಿಯ ಮೇ ತಿಂಗಳ ಎಂಟನೆಯ ತಾರೀಖು, ರವಿವಾರ.