ಪಂಪು ನಿಲ್ಲಿಸಿದ ಲತೀಫ್

ಪೈವಳಿಕೆಯ ಲತೀಫ್ ಗಲ್ಫಿನಲ್ಲಿ ಎಂತ ಕೆಲಸ ಮಾಡುತ್ತಾನೆಂದು ಊರವರಿಗೆ ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ಕಾರ್ಖಾನೆಯ ಹೊಗೆಯಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡನ್ನು ಪಂಪಿನಿಂದ ಒತ್ತಿ, ಎರಡು ಕಿಲೋಮೀಟರ್ ಆಳದ ಕಲ್ಲಿನೊಳಗೆ ತುಂಬುತ್ತಾರೆ. ಮೇಲಿನ ಗಟ್ಟಿ ಪದರವೇ ಅದಕ್ಕೆ ಮುಚ್ಚಳ. ಒತ್ತಡ ಅತಿಯಾದರೆ ಹಳೆಯ ಬಿರುಕು ಜಾರಿ ನೆಲ ನಡುಗುತ್ತದೆ. ಮುಚ್ಚಳ ಸೀಳಿದರೆ ಅನಿಲ ಮೇಲೆ ಬರುತ್ತದೆ. ಅದನ್ನು ನೋಡುತ್ತ ಕೂರುವುದೇ ಅವನ ಕೆಲಸ, ಹನ್ನೊಂದು ವರ್ಷದಿಂದ.

ಅದಕ್ಕೂ ಮೊದಲು ಅವನು ಸುರಂಗ ತೋಡುವ ಕೂಸಪ್ಪಣ್ಣನ ಜೊತೆ ಮಣ್ಣು ಹೊರುತ್ತಿದ್ದ. ನೀರಿಗಾಗಿ ಗುಡ್ಡದ ಮುರಕಲ್ಲಿಗೆ, ಆ ಕೆಂಪು ಜಂಬಿಟ್ಟಿಗೆಗೆ, ಅಡ್ಡಲಾಗಿ ಕೊರೆಯುವ ಆ ಸುರಂಗದೊಳಗೆ ಒಂದೇ ಕಟ್ಟಳೆ: ಪಿಕ್ಕಾಸಿನ ಏಟಿಗೆ ಕಲ್ಲಿನ ಸದ್ದು ಬದಲಾದರೆ, ಕುಸಿಯುವ ಮೊದಲೇ ಕೆಲಸ ಬಿಟ್ಟು ಹೊರಗೆ ಬರಬೇಕು. ಕೇಳುವುದು, ಹೇಳುವುದು ಎಲ್ಲ ಆಮೇಲೆ.

ಗಲ್ಫಿನಲ್ಲಿ ನೆಲದಡಿಯ ಸಣ್ಣ ನಡುಕಗಳು ದಿನಕ್ಕೆ ಎರಡು ಮೂರು ಇರುತ್ತಿದ್ದವು. ಹೋದ ವರ್ಷ ಒಂದು ಬೆಳಗ್ಗೆ ಹದಿನೇಳಾದವು. ಎಂಜಿನಿಯರಿಗೆ ಫೋನ್ ಮಾಡಿ ಅಪ್ಪಣೆಗೆ ಕಾಯಬೇಕೆಂಬುದು ಅಲ್ಲಿನ ನಿಯಮ. ಈ ಪುಣ್ಯಾತ್ಮ ಮೊದಲು ಪಂಪು ನಿಲ್ಲಿಸಿ ಆಮೇಲೆ ಫೋನ್ ಮಾಡಿದ. ಮಧ್ಯಾಹ್ನದೊಳಗೆ ನಡುಕ ಇಳಿಯಿತು. ಕಂಪೆನಿಯವರು ಅವನನ್ನು ಊರಿಗೆ ಕಳಿಸಿದರು.

ಏಳು ತಿಂಗಳು ಮನೆಯಲ್ಲಿ ಕೂತ. ಆಮೇಲೆ ಒಂದು ಮೇಲ್ ಬಂತು: ತನ್ನದೇ ತಪ್ಪೆಂದು ಬರೆದುಕೊಟ್ಟರೆ ವಾಪಸ್ ಬರಬಹುದು. ಇಂಗ್ಲಿಷಿನಲ್ಲಿ ಬರೆಸಲು ನನ್ನ ಟೈಪಿಂಗ್ ಅಂಗಡಿಗೆ ಬಂದ.

"ನೀನು ಎಂತ ತಪ್ಪು ಮಾಡಿದ್ದು ಮಾರಾಯ? ನಾನು ಬರೆಯುದಿಲ್ಲ," ಎಂದು ಸಿಡುಕಿದೆ.

"ಬರಿ ಗ್ಲ್ಯಾಡ್‌ಸನ್. ನಲವತ್ತೆಂಟು ಆಯ್ತು ನನಗೆ. ಇನ್ನು ಬೇರೆ ಯಾರು ಕರೀತಾರೆ? ಮಗಳಿಗೆ ಇನ್ನೊಂದು ವರ್ಷ ಓದ್ಲಿಕ್ಕೆ ಉಂಟು."

ಅವನ ಮುಖ ನೋಡಿ ನನಗೆ ಅಳುವೇ ಬಂತು. ಬರೆದೆ. 'ವಿವೇಚನೆಯಿಲ್ಲದೆ ನಿಲ್ಲಿಸಿದೆ' ಎಂಬ ಸಾಲು, ಥೂ, ನಾನೇ ಸೇರಿಸಿದ್ದು. ಅವನು ಓದದೆ ಸಹಿ ಹಾಕಿದ. ಮುಂದಿನ ವಾರ ವಿಮಾನ ಹತ್ತಿದ.

ಮೊನ್ನೆ ಊಟದ ಹೊತ್ತಿಗೆ ಅಲ್ಲಿಂದ ಫೋನ್ ಮಾಡಿದ.

"ಇವತ್ತು ನಡುಕ ಇಪ್ಪತ್ತೆರಡು ಆಯ್ತು," ಎಂದ.

"ನಿಲ್ಲಿಸಿದ್ಯಾ?"

"ಇಲ್ಲ. ಎಂಜಿನಿಯರಿಗೆ ಫೋನ್ ಮಾಡಿದ್ದೇನೆ. ಮೀಟಿಂಗಲ್ಲಿ ಇದ್ದಾರಂತೆ. ಆಫೀಸಿನವರು ಕಾಯ್ಲಿಕ್ಕೆ ಹೇಳಿದ್ರು."

"ಮತ್ತೆ ನನಗ್ಯಾಕೆ ಫೋನ್?"

"ಸುಮ್ಮನೆ. ಸ್ವಿಚ್ಚಿನ ಎದುರೇ ಕೈ ಕಟ್ಟಿ ಕೂತಿದ್ದೇನೆ ಮಾರಾಯ. ನೀನು ಎಂತಾದ್ರೂ ಮಾತಾಡು."