ಲಾಂಚ್ ಬಿಡದ ಡ್ರೈವರ್

ಸಾಗರದಿಂದ ತುಮರಿಗೆ ಹೊರಟವನು ಬೆಳಗ್ಗೆಯಿಂದ ಹಿನ್ನೀರಿನ ದಡದಲ್ಲೇ ಇದ್ದೆ. ಹೊಸ ಸೇತುವೆಯ ಕಂಬಗಳು ನೀರಿನ ನಡುವೆ ಅರ್ಧಕ್ಕೆ ನಿಂತಿದ್ದವು. ದಾಟಲು ಲಾಂಚೇ ಗತಿ. ಗಾಳಿಯೋ ವಿಪರೀತ. ಸಾಲದ್ದಕ್ಕೆ ಲಾಂಚಿನ ಸಿಬ್ಬಂದಿ, ಕೆಲಸ ಕಾಯಂ ಮಾಡಿ ಎಂದು ಟಾರ್ಪಾಲಿನ ಕೆಳಗೆ ಮುಷ್ಕರಕ್ಕೆ ಕೂತಿದ್ದರು.

ಹನ್ನೊಂದಕ್ಕೆ ಕಚೇರಿಯಿಂದ ಫೋನ್ ಬಂತು. ಬೇಡಿಕೆಗೆ ಒಪ್ಪಿದ್ದಾರಂತೆ. ಚಪ್ಪಾಳೆ ಬಿತ್ತು, ಟಾರ್ಪಾಲು ಸುತ್ತಿಟ್ಟರು, ನಾವೆಲ್ಲ ನುಗ್ಗಿ ಲಾಂಚ್ ಹತ್ತಿದೆವು. ಡ್ರೈವರ್ ಮಂಜಪ್ಪ ಮಾತ್ರ ಹಗ್ಗ ಬಿಚ್ಚಲಿಲ್ಲ. ಹೆಗಲ ಮೇಲಿನ ಟವೆಲನ್ನು ಕಂಬಿಗೆ ಕಟ್ಟಿ, ಅದು ಪಟಪಟ ಹೊಡೆದುಕೊಳ್ಳುವುದನ್ನೇ ನೋಡುತ್ತ ನಿಂತ.

"ಇಳೀರಿ ಎಲ್ಲ. ಈಗ ಬಿಡೋದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಇನ್ನೆಂತ ಬೇಕ್ರೀ ನಿಮಗೆ?"

"ನಮ್ದು ಮುಗೀತು ಸಾರ್. ಗಾಳೀದು ಮುಗೀಲಿಲ್ಲ."

ಪಕ್ಕದಲ್ಲಿದ್ದ ತುಮರಿಯ ಅಜ್ಜಿ ಬುಟ್ಟಿ ಎತ್ತಿಕೊಂಡಾಗಿತ್ತು. "ಇಳಿ ತಮಾ. ಲಾಂಚ್ ಬಿಡಕ್ಕೆ ಯಾರಿಗಾದ್ರೂ ಬರ್ತದೆ. ನಿಲ್ಸಕ್ಕೆ ಅವನಿಗೇ ಬರೋದು."

ಅಷ್ಟು ಜನರೂ ಗೊಣಗದೆ ಇಳಿದರು. ನಾಚಿಕೊಂಡು ನಾನೂ ಇಳಿದೆ. ಹನಿ ಶುರುವಾಯಿತು. ಮಂಜಪ್ಪ ಸುತ್ತಿಟ್ಟಿದ್ದ ಟಾರ್ಪಾಲನ್ನು ಬಿಚ್ಚಿ ಮತ್ತೆ ನಮ್ಮ ತಲೆ ಮೇಲೆ ಕಟ್ಟಿದ. 'ಅನಿರ್ದಿಷ್ಟಾವಧಿ ಮುಷ್ಕರ' ಎಂಬ ಬ್ಯಾನರ್ ಅದರ ಅಂಚಿಗೆ ಇನ್ನೂ ತೂಗುತ್ತಿತ್ತು. ಅದರ ಕೆಳಗೆ ಅಜ್ಜಿಯೂ ನಾನೂ ಒತ್ತಿ ಕೂತು ಮಂಜಪ್ಪನಿಗೂ ಜಾಗ ಮಾಡಿಕೊಟ್ಟೆವು.