ಬಿಳಿ ನಾಲ್ಕು

ಮಲಾಡಿನ ವಾದ್ಯದಂಗಡಿಯಲ್ಲಿ ಗಿಟಾರಿನ ಪೆಟ್ಟಿಗೆಯೊಂದರ ಮುಚ್ಚಳ ತೆರೆದಾಗ ಮೊದಲು ಬಂದದ್ದು ವಾರ್ನಿಶಿನ ಘಾಟು, ಅದರ ಹಿಂದೆಯೇ ಒಣಮರದ ವಾಸನೆ. ಅಷ್ಟೇ ಸಾಕಾಯಿತು. ಐವತ್ತೆರಡು ವರ್ಷದ ನಾನು ಮತ್ತೆ ಹುಡುಗಿಯಾಗಿ, ಘಾಟ್ಕೋಪರಿನ ಚಾಳಿನ ನಮ್ಮ ಒಂಟಿಕೋಣೆಯ ಖೋಲಿಯಲ್ಲಿ ಗಂಗತ್ತೆಯ ಹಾರ್ಮೋನಿಯಂಗೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದೆ. ಗಂಗತ್ತೆ ಅಪ್ಪನ ಅಕ್ಕ, ವಿಜಯಪುರದವಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆ ಸೇರಿ, ಬೆಳಗೆಲ್ಲ ಖಾನಾವಳಿಗೆ ಜೋಳದ ರೊಟ್ಟಿ ಬಡಿದು, ಸಂಜೆ ಭಜನೆಗೆ ಕೂರುತ್ತಿದ್ದಳು. ಎಷ್ಟು ತೊಳೆದರೂ ಅವಳ ಉಗುರಿನ ಸಂದಿಯ ಹಿಟ್ಟು ಹೋಗುತ್ತಿರಲಿಲ್ಲ. ಹಾರ್ಮೋನಿಯಂನಲ್ಲಿ ಬೆರಳು ಒತ್ತುವ ಕರಿ ಮನೆಗಳೂ ಅರ್ಧ ಬಿಳಿಯಾಗಿರುತ್ತಿದ್ದವು. ಅವಳು ನುಡಿಸುವಾಗ ಪೆಟ್ಟಿಗೆಯ ನಡುಕ ನನ್ನ ಬೆನ್ನುಮೂಳೆಯೊಳಗೆ ಇಳಿಯುತ್ತಿತ್ತು. ಆ ಸುಖಕ್ಕೇ ನಾನು ಅಲ್ಲಿ ಕೂರುತ್ತಿದ್ದೆ.

ನನ್ನದು ಮೊದಲಿನಿಂದಲೂ ದಪ್ಪ ದನಿ. ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಹಾಡಿನ ಟೀಚರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, ಬರೀ ತುಟಿ ಅಲ್ಲಾಡಿಸು, ದನಿ ತೆಗೆಯಬೇಡ ಎಂದರು. ಮನೆಗೆ ಬಂದು ಅತ್ತೆಯ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಅವಳು ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. ಹಾರ್ಮೋನಿಯಂ ಎಳೆದುಕೊಂಡು, "ಮಧ್ಯಾಹ್ನ ಏನ್ ಉಂಡಿ?" ಎಂದು ಕೇಳಿದಳು. ಸಿಟ್ಟಿನಲ್ಲಿ, ರೊಟ್ಟಿ, ಪುಂಡಿಪಲ್ಯ ಎಂದೆ. ಇನ್ನೊಮ್ಮೆ ಹೇಳು ಎಂದಳು. ನಾನು ಹೇಳುತ್ತ ಹೋದಂತೆ ಒಂದೊಂದೇ ಮನೆ ಒತ್ತಿ ನೋಡುತ್ತ ಇಳಿದಳು. ಹಾಡಲು ಹೇಳಿದರೆ ಜನ ಬೇರೆಯವರ ದನಿ ತೆಗೆಯುತ್ತಾರೆ, ಉಂಡದ್ದು ಹೇಳುವಾಗ ಮಾತ್ರ ತಮ್ಮದೇ ದನಿ ಬರುತ್ತದೆ ಎನ್ನುವುದು ಅವಳ ಲೆಕ್ಕಾಚಾರ. ಕೊನೆಗೆ ಅವಳ ಬೆರಳು ನಾಲ್ಕನೆಯ ಬಿಳಿ ಮನೆಯ ಮೇಲೆ ನಿಂತಿತು. ನನ್ನ ಪುಂಡಿಪಲ್ಯ ಅಲ್ಲಿ ಹೋಗಿ ಕೂತಿತ್ತು.

"ನಿನ್ನ ದನಿ ಕೆಟ್ಟಿಲ್ಲವ್ವಾ. ಅದನ್ನ ಬ್ಯಾರೆ ಮಂದಿ ಮನ್ಯಾಗ ನಿಲ್ಲಿಸ್ಯಾರ ಅವ್ರು. ಬಿಳಿ ನಾಕು, ಇದ ನಿನ್ನ ಮನಿ," ಎಂದಳು.

ಅವತ್ತಿನಿಂದ ನನ್ನ ದನಿಯ ಬಗ್ಗೆ ನನಗೆ ಅನುಮಾನ ಬಂದದ್ದಿಲ್ಲ. ಚಾಳು ಕೆಡವಿ ಬಿಲ್ಡಿಂಗ್ ಎಬ್ಬಿಸುವಾಗ ನಾವೆಲ್ಲ ಬಾಡಿಗೆ ಖೋಲಿಗಳಿಗೆ ಚದುರಿದೆವು. ಹಾರ್ಮೋನಿಯಂನ ತಿದಿಗೆ ಗೆದ್ದಲು ಹತ್ತಿತು. ಹೊಸ ಮನೆಯ ಕೀಲಿ ಕೈಗೆ ಬರುವ ಮೊದಲೇ ಅತ್ತೆ ಹೋದಳು. ಆಮೇಲೆ ನಾನು ಹಾಡಲಿಲ್ಲ. ಹಾಡಲು ಬಾರದೆ ಅಲ್ಲ, ಎಲ್ಲಿ ನಿಂತು ಹಾಡಲಿ ಎಂದು ತಿಳಿಯದೆ. ಈಚೆಗೆ ಹಾಡು ಮತ್ತೆ ತಾನಾಗಿ ಗಂಟಲಿಗೆ ಬರತೊಡಗಿತ್ತು. ಗಿಟಾರಿನ ಬದಲು ಹಾರ್ಮೋನಿಯಮನ್ನೇ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಮಂಡಿ ನೆಲಕ್ಕೆ ಕೂರಲು ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಗಿಟಾರನ್ನು ಅಪ್ಪಿಕೊಂಡರೆ ಆ ನಡುಕ ಮತ್ತೆ ಮೈಯೊಳಗೆ ಬರುತ್ತದೆಂದು ನನಗೆ ಖಾತ್ರಿಯಿತ್ತು. ಅಕಸ್ಮಾತ್ ಬರದಿದ್ದರೆ ಹಾಡಿನ ಆಸೆಯನ್ನೇ ಬಿಡುವುದೆಂದು ಗಟ್ಟಿ ಮಾಡಿಕೊಂಡು ಮಲಾಡಿಗೆ ಹೋಗಿದ್ದೆ.

ಅಂಗಡಿಯವ ಹಿಂದಿಯಲ್ಲಿ, ಯಾವ ಸ್ಕೇಲಿನಲ್ಲಿ ಹಾಡುತ್ತೀರಿ ಎಂದು ಕೇಳಿದ. "ಸಫೇದ್ ಚಾರ್," ಎಂದು ಬಿಳಿ ನಾಲ್ಕನ್ನು ಹಿಂದಿಯಲ್ಲೇ ಹೇಳಿದೆ, ಠೀವಿಯಿಂದ. ಆತ ಒಳಗೆ ಹೋಗಿ ಎರಡು ಬಿಳಿ ಗಿಟಾರ್ ಹೊತ್ತು ತಂದ. "ಚಾರ್ ನಹೀ ಹೈ ಮೇಡಮ್, ವೈಟ್ ಮೆ ದೋ ಹೀ ಪೀಸ್ ಹೈ," ನಾಲ್ಕಿಲ್ಲ, ಬಿಳಿಯವು ಎರಡೇ ಇರೋದು ಎಂದ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು, ಅದರಲ್ಲಿ ಸ್ವಲ್ಪ ಅಳುವೂ ಇತ್ತು. ಹಾರ್ಮೋನಿಯಂ ಲೆಕ್ಕದಲ್ಲಿ ಬಿಡಿಸಿ ಹೇಳಿದ ಮೇಲೆ ಆತ, ಓಹ್, ಎಫ್ ಸ್ಕೇಲು ಎಂದು, ಗಿಟಾರಿನ ಕತ್ತಿನ ಮೊದಲ ಮನೆಗೆ ಶ್ರುತಿ ಏರಿಸುವ ಕ್ಲಿಪ್ ಸಿಕ್ಕಿಸಿ ನುಡಿಸತೊಡಗಿದ.

ಮೊದಲನೆಯ ಗಿಟಾರಿನ ಹೊಟ್ಟೆ ದೊಡ್ಡದು. ನನ್ನ ದನಿಯನ್ನು ಚಾಳಿನ ನಳದ ಮುಂದಿನ ಜಗಳದಂತೆ ಮುಳುಗಿಸಿಬಿಟ್ಟಿತು. ಎರಡನೆಯದು ಸಕ್ಕರೆಯಂಥ ನಾದ, ಆದರೆ ಮೇಲೆಮೇಲೆಯೇ ತೇಲುತ್ತಿತ್ತು. ನನ್ನ ದನಿಯ ಕಡೆ ಬಗ್ಗಿಯೂ ನೋಡಲಿಲ್ಲ. ಆಮೇಲೆ ಆತ ತಂದ ಮೂರನೆಯದು ಸಣ್ಣ ಮೈಯದು, ಕಂದು ಮರದ್ದು, ಹೊಳಪಿಲ್ಲ. ಈ ಸಲ ಅದನ್ನು ನನ್ನ ತೊಡೆಯ ಮೇಲೇ ಇಟ್ಟುಕೊಂಡೆ. ಆತ ಬಗ್ಗಿ ತಂತಿ ಮೀಟಿದ. ನಾನು ಹಾಡಲಿಲ್ಲ. "ರೊಟ್ಟಿ, ಪುಂಡಿಪಲ್ಯ," ಎಂದೆ. ಆತ ಮುಖ ನೋಡಿದ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಮಾತೂ ತಂತಿಯೂ ಒಂದಾಗಿ, ಪಕ್ಕೆಲುಬಿನೊಳಗೆ ಆ ಹಳೆಯ ನಡುಕ ಇಳಿಯಿತು. ಇದೇ ಬೇಕು, ಕಟ್ಟಿಕೊಡಿ ಎಂದೆ.

ಈಗ ದಿನಾ ಸಂಜೆ ಹಾಡುತ್ತೇನೆ. ಬಾಗಿಲು ತೆರೆದಿಟ್ಟುಕೊಂಡೇ ಹಾಡುತ್ತೇನೆ, ಕೇಳುವವರು ಕೇಳಲಿ. ಮೊದಲು ಗಿಟಾರ್ ಮೀಟಿ, ಆ ದಿನ ಉಂಡದ್ದನ್ನು ಹೇಳುತ್ತೇನೆ: ಅನ್ನ, ಸಾರು, ಮೊನ್ನೆಯ ಚಟ್ನಿಪುಡಿ. ದನಿ ತನ್ನ ಮನೆಗೆ ಹೋಗಿ ಕೂರುತ್ತದೆ. ಹಾಗೆ ಹೇಳುವ ಮುಂಚೆ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತೇನೆ. "ಏನ್ ಉಂಡಿ?" ಎಂದು ಅತ್ತೆ ಕೇಳಲಿ ಅಂತ.